ಅಸಮೀಕ್ಷ್ಯಾಧಿಕರಣ: ಸಮುದಾಯ ಭವನಗಳೂ ನೆರೆಮನೆಯ ನಿದ್ರೆಯೂ

ಗೃಹಸ್ಥಧರ್ಮದ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ. ನಿಜವಾದ ಯಾವ ಪ್ರಯೋಜನವೂ ಇಲ್ಲದೆ ಪರಜೀವಿಗಳಿಗೆ ನೋವನ್ನುಂಟುಮಾಡುವ ವ್ಯಾಪಾರಗಳಿಂದ ಹಿಂದೆ ಸರಿಯುವುದೇ ಅದರ ತಿರುಳು. ಆ ವ್ರತಕ್ಕೆ ಅಂಟಬಹುದಾದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹೆಸರಿಸುತ್ತದೆ. ಅವುಗಳಲ್ಲಿ ಒಂದು ಅಸಮೀಕ್ಷ್ಯಾಧಿಕರಣ. ಹಿಂದುಮುಂದು ನೋಡದೆ, ಅಳೆದು ತೂಗದೆ, ಬೇಕಾದುದಕ್ಕಿಂತ ಹೆಚ್ಚಿನ ಕಾರ್ಯಕ್ಕೆ ಕೈಹಾಕುವುದು ಎಂದು ಅದರ ಅರ್ಥ. ಪಾಠಶಾಲೆಯ ಮಕ್ಕಳು ಈ ಪದವನ್ನು ತೊದಲದೆ ಒಪ್ಪಿಸುತ್ತಾರೆ. ಅದರ ಅರ್ಥವನ್ನು ಪ್ರತ್ಯಕ್ಷವಾಗಿ ಕಾಣಬೇಕೆನ್ನುವವರು ಯಾವುದಾದರೂ ಹೊಸ ಸಮುದಾಯ ಭವನದ ಹಿಂಬದಿಯ ಓಣಿಯಲ್ಲಿ, ಲಗ್ನದ ಕಾಲದ ಒಂದು ರಾತ್ರಿ 11 ಗಂಟೆಗೆ, ಐದು ನಿಮಿಷ ನಿಂತರೆ ಸಾಕು.

ಇತ್ತೀಚಿನ ದಶಕಗಳಲ್ಲಿ ಊರೂರಿಗೂ ಭವನಗಳು ಎದ್ದಿವೆ. ಒಂದೊಂದು ಸಮಾಜಕ್ಕೂ ಒಂದೊಂದು ಕಲ್ಯಾಣ ಮಂಟಪ, ಒಂದೊಂದು ದೇವಾಲಯದ ಪಕ್ಕಕ್ಕೂ ಒಂದೊಂದು ಸಭಾಭವನ. ಇದರಲ್ಲಿ ತಪ್ಪೇನೂ ಇಲ್ಲ. ಬಡ ಕುಟುಂಬದ ಮಗಳ ವಿವಾಹ ಕಡಿಮೆ ಬಾಡಿಗೆಯಲ್ಲಿ ನೆರವೇರುವುದು ಪುಣ್ಯಕಾರ್ಯವೇ ಸರಿ. ಆದರೆ ಭವನ ಕಟ್ಟುವ ಟ್ರಸ್ಟಿನ ಸಭೆಯಲ್ಲಿ ಏನೇನು ಚರ್ಚೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಸಿಮೆಂಟಿನ ದರ, ಗ್ರಾನೈಟಿನ ಬಣ್ಣ, ದಾನಿಗಳ ಹೆಸರಿನ ಶಿಲಾಫಲಕದ ಅಳತೆ, ಊಟದ ಪಂಕ್ತಿಯಲ್ಲಿ ಎಷ್ಟು ಎಲೆ ಬೀಳುತ್ತದೆ ಎಂಬ ಗಣಿತ, ಇವೆಲ್ಲಕ್ಕೂ ಉಪಸಮಿತಿಗಳುಂಟು. ಈ ಭವನದಿಂದ ಹೊರಡುವ ಸದ್ದು ಎಷ್ಟು, ಅದು ಯಾರ ಮನೆಯ ಮೇಲೆ ಬೀಳುತ್ತದೆ, ಎಷ್ಟು ರಾತ್ರಿ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಮಾತ್ರ ಅಪರೂಪ. ಅಡಿಪಾಯಕ್ಕೆ ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಕೊಳವೆಬಾವಿಗೆ ನೀರು ನೋಡಿಸುತ್ತಾರೆ, ದಿಕ್ಕಿಗೆ ವಾಸ್ತು ಕೇಳಿಸುತ್ತಾರೆ. ಸದ್ದಿಗೆ ಯಾವ ಪರೀಕ್ಷೆಯೂ ಇಲ್ಲ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಬಾಡಿಗೆಯ ಜಮೆಯೆಲ್ಲ ಟ್ರಸ್ಟಿನ ಪುಸ್ತಕದಲ್ಲಿ, ಸದ್ದಿನ ಖರ್ಚೆಲ್ಲ ನೆರೆಯವರ ಪುಸ್ತಕದಲ್ಲಿ. ಇಂಥ ಲೆಕ್ಕವನ್ನು ಅಂಗಡಿಯ ಗುಮಾಸ್ತ ಬರೆದಿದ್ದರೆ ಅವನನ್ನು ಆ ದಿನವೇ ಮನೆಗೆ ಕಳುಹಿಸಲಾಗುತ್ತಿತ್ತು.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಂತಹ ಊರನ್ನು ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಈ ಊರು 16ನೆಯ ಶತಮಾನದ ಪಾಳೆಯಗಾರ ಹನುಮಂತಪ್ಪ ನಾಯಕನ ಹೆಸರಿನೊಂದಿಗೆ ಸೇರಿಕೊಂಡಿರುವ ಪುಷ್ಕರಣಿಯಿಂದ ನಾಡಿಗೆಲ್ಲ ಪರಿಚಿತ. ನಾಲ್ಕು ಕಡೆಯಿಂದಲೂ ಇಳಿಯುವ ಕಲ್ಲಿನ ಮೆಟ್ಟಿಲುಗಳು, ನೀರಿನ ನಡುವೆ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರ್‌ಖಾನೆ. ಈ ಸ್ಮಾರಕ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂತಹ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ ಎಂದು 2010ರ ತಿದ್ದುಪಡಿ ಕಾಯಿದೆ ವಿಧಿಸಿದೆ. ಹೀಗೆ ಇಟ್ಟಿಗೆಗೆ 300 ಮೀಟರುಗಳ ಕಾವಲು ಉಂಟು.

ಸದ್ದಿಗೆ ಈ ಗಡಿ ತಿಳಿಯದು. ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಬಯಲಿನಲ್ಲಿ ಒಂದು ಕಡೆಯಿಂದ ಹೊರಡುವ ಸದ್ದು ದೂರ ಎರಡರಷ್ಟಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೆರವಣಿಗೆಯ ಡಿಜೆ ವಾಹನದಿಂದ 10 ಮೀಟರು ದೂರದಲ್ಲಿ 100 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳೋಣ. 20 ಮೀಟರಿಗೆ 94, 40ಕ್ಕೆ 88, 80ಕ್ಕೆ 82, 160ಕ್ಕೆ 76, 320 ಮೀಟರಿಗೆ 70. ಸ್ಮಾರಕದ ಕಾವಲಿನ ಗೆರೆಯಾಚೆ ನಿಂತ ವಾಹನದ ಸದ್ದು ಅಡ್ಡಗೋಡೆಗಳಿಲ್ಲದ ಕಡೆ ಕೊಳದ ಮೆಟ್ಟಿಲಿಗೆ 70 ಡೆಸಿಬೆಲ್ಲಿನಷ್ಟು ಬಂದು ಬಡಿಯುತ್ತದೆ. ವಾಸದ ಪ್ರದೇಶದಲ್ಲಿ ರಾತ್ರಿ ಇರಬೇಕಾದ ಮಿತಿ 45. ನಡುವಿನ ಅಂತರ ಬರಿಯ 25 ಅಲ್ಲವೇ ಎಂದು ಲಘುವಾಗಿ ಎಣಿಸುವವರಿಗೆ ಡೆಸಿಬೆಲ್ ಎಂಬುದು ರೂಪಾಯಿಯಂತೆ ಒಂದೊಂದಾಗಿ ಕೂಡುವ ನಾಣ್ಯವಲ್ಲ, ಚಕ್ರಬಡ್ಡಿಯಂತೆ ಏರುವಂಥದು ಎಂಬುದನ್ನು ನೆನಪಿಸಬೇಕಾಗುತ್ತದೆ. ಪ್ರತಿ 10 ಡೆಸಿಬೆಲ್ಲಿಗೆ ಸದ್ದಿನ ಶಕ್ತಿ 10 ಪಟ್ಟು. 25 ಎಂದರೆ 300 ಪಟ್ಟಿಗೂ ಮಿಗಿಲು.

ನಡುವೆ ಅಡಿಕೆ ತೋಟವಿದೆ, ಅದು ಸದ್ದನ್ನು ನುಂಗುತ್ತದೆ ಎಂಬ ಸಮಾಧಾನ ಈ ಸೀಮೆಯಲ್ಲಿ ಸುಲಭವಾಗಿ ಹೊಳೆಯುವಂಥದು. ಅದು ನಿಲ್ಲುವುದಿಲ್ಲ. ಅಡಿಕೆ ಮರಕ್ಕೆ ಕೆಳಗೆ ಬೋಳು ಕಾಂಡ, ತುದಿಯಲ್ಲಿ ಮಾತ್ರ ಗರಿ; ಸದ್ದು ಕಾಂಡಗಳ ನಡುವೆ ನಿರಾಯಾಸವಾಗಿ ನುಸುಳುತ್ತದೆ. ಯಾವುದೇ ಗಿಡಗಳ ಒಂದೆರಡು ಸಾಲು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಕಿವಿಗಲ್ಲ. ಇನ್ನು ನಿರಭ್ರ ರಾತ್ರಿಗಳಲ್ಲಿ ನೆಲ ಬೇಗ ತಣಿದು, ತಂಪು ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಂತು, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲಿನಲ್ಲಿ ಕೇಳದ ದೂರದ ರೈಲಿನ ಸದ್ದು ರಾತ್ರಿ ಕೇಳುವುದು ಇದರಿಂದಲೂ ಹೌದು. ಅಂದರೆ ಜನ ಮಲಗುವ ಹೊತ್ತಿಗೇ ಸದ್ದಿನ ಕೈ ಉದ್ದವಾಗುತ್ತದೆ.

ಇಲ್ಲಿ ಜೈನದರ್ಶನದ ಒಂದು ಮಾತು ನೆನಪಿಗೆ ತಂದುಕೊಳ್ಳಲು ಯೋಗ್ಯವಾಗಿದೆ. ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನಾಚಾರ್ಯರು ಅದನ್ನು ಒಪ್ಪದೆ, ಶಬ್ದವು ಪುದ್ಗಲದ ಪರ್ಯಾಯ, ಅಂದರೆ ಜಡದ್ರವ್ಯದ್ದೇ ಒಂದು ಅವಸ್ಥೆ ಎಂದು ನಿರ್ಣಯಿಸಿದರು. ಅದು ತಾಗುತ್ತದೆ, ತಡೆಯಲ್ಪಡುತ್ತದೆ, ಮರಳಿ ಬರುತ್ತದೆ ಎಂಬುದು ಅವರು ನೀಡಿದ ಕಾರಣ. ಈ ನಿರ್ಣಯವನ್ನು ನಂಬುವವರು ತಮ್ಮ ಭವನದ ಕಸವನ್ನು ನೆರೆಯವರ ಅಂಗಳಕ್ಕೆ ಎಸೆಯಲು ನಾಚುತ್ತಾರೆಂದಾದರೆ ಸದ್ದನ್ನು ಎಸೆಯಲು ಏಕೆ ನಾಚಬಾರದು? ಜೀವಗಳ ವಿಂಗಡಣೆಯಲ್ಲಿ ಶ್ರೋತ್ರೇಂದ್ರಿಯವಿರುವುದು ಪಂಚೇಂದ್ರಿಯ ಜೀವಿಗಳಿಗೆ ಮಾತ್ರ ಎಂಬುದೂ ಗೊತ್ತಿರುವ ಸಂಗತಿಯೇ. ಕಣ್ಣಿಗೆ ಕಾಣದ ಜೀವಿಗಾಗಿ ನೀರನ್ನು ಸೋಸಿ ಕುಡಿಯುವ ಮನೆತನಗಳು, ಕಣ್ಣೆದುರಿಗಿರುವ ಪಂಚೇಂದ್ರಿಯ ಜೀವಿಯ ಎದೆ ನಡುಗುವಂತೆ ಧ್ವನಿವರ್ಧಕ ಹಾಕಿಸುವುದು ವಿಪರ್ಯಾಸವಲ್ಲದೆ ಮತ್ತೇನು? ಹಾಗೆ ನೋಡಿದರೆ ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ವಿವಾಹವೊಂದು ಸೂರ್ಯಾಸ್ತಕ್ಕೆ ಊಟ ಮುಗಿಸಿ ತಾನಾಗಿಯೇ ಮೌನವಾಗಬೇಕು. ಜೈನ ಭವನದಲ್ಲಿ ನಡುರಾತ್ರಿ ಸದ್ದು ಕೇಳಿಸಿತೆಂದರೆ ಒಂದಲ್ಲ, ಎರಡು ವ್ರತಗಳು ಅಲುಗಿವೆ ಎಂದೇ ಅರ್ಥ.

ಕಾನೂನು ಏನು ಹೇಳುತ್ತದೆ? ಕೇಂದ್ರ ಸರಕಾರ 2000ದ ಫೆಬ್ರವರಿ 14ರಂದು ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ಪ್ರಕಟಿಸಿತು. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ನಿಶ್ಶಬ್ದ ವಲಯಕ್ಕೆ 50 ಮತ್ತು 40. ರಾತ್ರಿಯೆಂದರೆ 10ರಿಂದ ಬೆಳಗಿನ 6. ಆ ಅವಧಿಯಲ್ಲಿ ಧ್ವನಿವರ್ಧಕ ನಿಷಿದ್ಧ. ರಾಜ್ಯ ಸರಕಾರ ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಕರ್ನಾಟಕ ಸರಕಾರವೂ 2022ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿ, ಧ್ವನಿವರ್ಧಕ ಬಳಸುವವರು ಲಿಖಿತ ಅನುಮತಿ ಪಡೆಯಲೇಬೇಕೆಂದು ವಿಧಿಸಿತು.

ಆದರೆ ಟ್ರಸ್ಟುಗಳು ಅಡಗಿಕೊಳ್ಳಬಹುದಾದ ಒಂದು ಸಂದು ಇದೇ ನಿಯಮಗಳಲ್ಲಿದೆ, ಅದನ್ನು ಬಿಚ್ಚಿ ಹೇಳುವುದು ಅಗತ್ಯ. ಸಭಾಂಗಣ, ಸಮುದಾಯ ಭವನ, ಭೋಜನಶಾಲೆಗಳಂತಹ ಮುಚ್ಚಿದ ಆವರಣದಲ್ಲಿ, ಒಳಗಿನವರಿಗೆ ಕೇಳಿಸುವ ಉದ್ದೇಶಕ್ಕೆ, ರಾತ್ರಿಯೂ ಧ್ವನಿವರ್ಧಕಕ್ಕೆ ಅವಕಾಶವಿದೆ. ಭವನವೆಂದ ಮೇಲೆ ಮುಚ್ಚಿದ ಆವರಣವೇ ತಾನೆ ಎಂದು ವಾದಿಸುವುದು ಸುಲಭ. ಆದರೆ ಮುಚ್ಚಿದ್ದು ಎಂದರೇನು? ಇಟ್ಟಿಗೆಯ ದಪ್ಪ ಗೋಡೆ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ. ಆ ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ ಒಟ್ಟು ತಡೆ 20 ಡೆಸಿಬೆಲ್ಲಿಗಿಂತ ಮೇಲೇರಲಾರದು, ಉಳಿದ 99 ಪಾಲು ಕೋಟೆಯ ಗೋಡೆಯೇ ಆಗಿದ್ದರೂ ಸರಿ. ಸಾಲು ಸಾಲು ಜಾಲರಿ ಕಿಂಡಿ, ಊಟದ ಮನೆಗೆ ತಗಡಿನ ಛಾವಣಿ, ಸೆಕೆಗೆಂದು ಸದಾ ತೆರೆದಿಟ್ಟ ಬಾಗಿಲು, ಇವುಗಳಿರುವ ಕಟ್ಟಡವನ್ನು ಮುಚ್ಚಿದ ಆವರಣವೆನ್ನುವುದು ತೂತು ಚೀಲವನ್ನು ತುಂಬಿದ ಚೀಲವೆಂದು ಮಾರಿದಂತೆ. ನಿಯಮದಲ್ಲಿ ಗಡಿಯ ಅಳತೆಯೂ ಇದೆ: ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು, ಖಾಸಗಿ ಸ್ಥಳವಾದರೆ ಮಿತಿಗಿಂತ 5 ಮಾತ್ರ ಹೆಚ್ಚು.

ಅಳೆಯುವವರಾರು? 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡಗಳಿಗೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರುಗಳ ನಿರ್ಮಾಣದಿಂದ ಮೇಲಕ್ಕೆ. ಹೋಬಳಿ ಕೇಂದ್ರದ ಭವನ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಶಬ್ದ ಮಾಪನ ಜಾಲವನ್ನು ಆರಂಭಿಸಿದ್ದು ಬೆಂಗಳೂರೂ ಸೇರಿದಂತೆ 7 ಮಹಾನಗರಗಳಲ್ಲಿ. ಸಣ್ಣ ಊರಿನ ಸದ್ದನ್ನು ಸರಕಾರ ತಾನಾಗಿ ಬಂದು ಅಳೆಯಲಿ ಎಂದು ಕಾಯುವುದು ವ್ಯರ್ಥ. ಕೇಳುವವರಿಲ್ಲದ ಕಡೆ ತಾನೇ ಕೇಳಿಕೊಳ್ಳುವುದಕ್ಕೆ ಸಮೀಕ್ಷೆ ಎಂದು ಹೆಸರು.

ಇಷ್ಟಾದರೂ ಸದ್ದಿನಿಂದ ಯಾರ ಪ್ರಾಣವೇನು ಹೋಗುತ್ತದೆ ಎನ್ನುವವರಿದ್ದಾರೆ. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಶಬ್ದಮಾಲಿನ್ಯದ ತೀರ್ಪಿನ ಹಿನ್ನೆಲೆಯನ್ನು ಅವರು ಓದಬೇಕು. ಆ ಅರ್ಜಿಗೆ ಪ್ರೇರಣೆಯಾದುದು 13 ವರ್ಷದ ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರ. ಅವಳು ಸಹಾಯಕ್ಕಾಗಿ ಕೂಗಿದ ಕೂಗು ನೆರೆಯಲ್ಲಿ ಅಬ್ಬರಿಸುತ್ತಿದ್ದ ಧ್ವನಿವರ್ಧಕದಲ್ಲಿ ಮುಳುಗಿಹೋಯಿತು. ಅನಂತರ ಅವಳು ಬೆಂಕಿ ಹಚ್ಚಿಕೊಂಡು ಸತ್ತಳು. ಧ್ವನಿವರ್ಧಕ ಹಾಕಿದವರಿಗೆ ಯಾವ ಕೆಡುಕಿನ ಉದ್ದೇಶವೂ ಇದ್ದಿರಲಾರದು. ಅಸಮೀಕ್ಷ್ಯಾಧಿಕರಣಕ್ಕೆ ಕೆಡುಕಿನ ಉದ್ದೇಶ ಬೇಕಾಗಿಯೂ ಇಲ್ಲ. ಅದಕ್ಕೂ ಮೊದಲು, 2000ದ ಆಗಸ್ಟ್ 30ರಂದು, ಮದ್ರಾಸಿನ ಒಂದು ಪ್ರಾರ್ಥನಾ ಮಂದಿರ ಮತ್ತು ಅದರ ನೆರೆಯ ಬಡಾವಣೆಯವರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯ, ಇತರರ ಶಾಂತಿಯನ್ನು ಕದಡಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಹೇಳಿತ್ತು. ಕ್ರೈಸ್ತ ಮಂದಿರದ ಬಗ್ಗೆ ಹೇಳಿದ ಈ ಮಾತನ್ನು ಓದಿ ತಲೆದೂಗುವವರು ತಮ್ಮ ಬಸದಿಯ ಧ್ವನಿವರ್ಧಕದ ಬಳಿಗೆ ಬಂದಾಗ ಭಕ್ತಿಯ ಮಾತನಾಡುತ್ತಾರೆ.

ಸಮರ್ಥನೆಗಳು ಇನ್ನೂ ಉಂಟು. ಒಂದು ದಿನದ ಸಂಭ್ರಮ, ಸಹಿಸಿಕೊಳ್ಳಬಾರದೆ ಎಂಬುದು ಮೊದಲನೆಯದು. ವರನ ಕಡೆಯವರಿಗೆ ಅದು ಒಂದು ದಿನ. ಭವನದ ಗೋಡೆಗೆ ಗೋಡೆ ಹಚ್ಚಿ ಬಾಳುವವರಿಗೆ ಬಾಡಿಗೆಯ ಪುಸ್ತಕದಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟು ದಿನ. ಅದೂ ಲಗ್ನಗಳು ಒತ್ತಾಗಿ ಬರುವ ಮಾರ್ಚ್‌, ಏಪ್ರಿಲ್ ತಿಂಗಳುಗಳೇ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳುಗಳು. ವಿದ್ಯಾದಾನಕ್ಕೆಂದು ಟ್ರಸ್ಟು ಕೊಡುವ ಪಾರಿತೋಷಕವನ್ನು ಅದೇ ಭವನದ ಸದ್ದಿನಲ್ಲಿ ಓದಲಾಗದೆ ಹೋದ ನೆರೆಮನೆಯ ಹುಡುಗಿ ಎಂದೂ ಪಡೆಯಲಾರಳು.

ನೆರೆಯವರು ಯಾರೂ ದೂರು ಕೊಟ್ಟಿಲ್ಲ ಎಂಬುದು ಇನ್ನೊಂದು. ಸಣ್ಣ ಊರಿನಲ್ಲಿ ದೂರು ಕೊಡುವವರು ಯಾರು? ಟ್ರಸ್ಟಿಗಳ ಅಂಗಡಿಯಲ್ಲಿ ಸಾಲದ ಖಾತೆ ಇಟ್ಟವರು, ಅವರ ಮಂಡಿಗೆ ಅಡಿಕೆ ಹಾಕುವವರು, ಅವರ ಮನೆಯಲ್ಲಿ ಬಾಡಿಗೆಗಿರುವವರು. ಅಂಥವರ ಮೌನವನ್ನು ಒಪ್ಪಿಗೆಯೆಂದು ಜಮಾ ಮಾಡಿಕೊಳ್ಳುವುದು ಪ್ರಾಮಾಣಿಕ ವರ್ತಕನಿಗೆ ಶೋಭಿಸುವ ಲೆಕ್ಕವಲ್ಲ. ಎಲ್ಲ ಸಮಾಜದವರೂ ಮಾಡುತ್ತಾರೆ ಎಂಬ ಮಾತಿಗಂತೂ ಉತ್ತರ ಬೇಕಿಲ್ಲ. ಆಹಾರದ ವಿಷಯದಲ್ಲಿ ಯಾವ ಶ್ರಾವಕನೂ ಆ ಮಾತನ್ನು ಆಡುವುದಿಲ್ಲ.

ಎಲ್ಲಕ್ಕಿಂತ ಜಾಣತನದ್ದು, ಸದ್ದು ಮಾಡುವವರು ಬಾಡಿಗೆದಾರರು, ಟ್ರಸ್ಟು ಕೇವಲ ಸ್ಥಳ ಕೊಡುತ್ತದೆ ಎಂಬ ವಾದ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ ಹಿಂಸಾದಾನವನ್ನೂ ಸೇರಿಸಿದೆ. ಆಯುಧ, ಬೆಂಕಿ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಅದು. ಕೊಟ್ಟವನು ತಾನು ಬೀಸಲಿಲ್ಲವೆಂದು ಅಲ್ಲಿ ಬಿಡುಗಡೆಯಿಲ್ಲ. ಬಾಡಿಗೆಯ ಹಣವನ್ನು ಎಣಿಸಿಕೊಂಡ ಕೈ ಆ ರಾತ್ರಿಯ ಸದ್ದಿನಿಂದ ತೊಳೆದುಕೊಳ್ಳಲಾಗದು.

ಹಾಗಾದರೆ ಸಮೀಕ್ಷೆ ಹೇಗೆ? ಅದು ಪಂಡಿತರಿಗೆ ಮಾತ್ರ ಸಾಧ್ಯವಾದ ವಿದ್ಯೆಯಲ್ಲ. ನಿವೇಶನ ಕೊಳ್ಳುವ ಮೊದಲು ಅದರ ಸುತ್ತ 200 ಮೀಟರಿನೊಳಗೆ ಯಾವ ಮನೆ, ಶಾಲೆ, ಆಸ್ಪತ್ರೆ, ವೃದ್ಧರಿರುವ ಕುಟುಂಬ ಇದೆಯೆಂದು ನಡೆದು ನೋಡಿ ಬರೆಯುವುದು ಮೊದಲ ಕೆಲಸ. ಅನಂತರ ಮಾಪಕ ತರಿಸಿ ಹತ್ತಿರದ ಮನೆಗಳ ಗೋಡೆಯ ಬಳಿ ಬೆಳಿಗ್ಗೆ, ಸಂಜೆ, ರಾತ್ರಿ 11ಕ್ಕೆ, ಸಂತೆಯ ದಿನವೂ ಸಾಮಾನ್ಯ ದಿನವೂ ಈಗಿರುವ ಸದ್ದನ್ನು ಅಳೆದು ದಾಖಲಿಸಬೇಕು. ಮೊಬೈಲ್ ಫೋನಿನ ಅಳತೆ ಅಂದಾಜಿಗೆ ಸಾಕು, ಸಾಕ್ಷಿಗೆ ಸಾಲದು. ಇಲ್ಲಿ ಎರಡು ಮೋಸಗಳ ಬಗ್ಗೆ ಎಚ್ಚರವಿರಬೇಕು. ಸರಾಸರಿಯು ಒಂದು: ಇಡೀ ರಾತ್ರಿಯ ಸರಾಸರಿ ಸಾಧಾರಣವಾಗಿ ಕಂಡರೂ ಮಗುವನ್ನು ಎಬ್ಬಿಸಿದ್ದು ಒಂದು ಪಟಾಕಿ. ಇನ್ನೊಂದು, ಸಾಮಾನ್ಯವಾಗಿ ಬಳಸುವ ಅಳತೆಯ ಕ್ರಮವು ಮಂದ್ರಸ್ವರಗಳನ್ನು ಕಡಿಮೆ ಮಾಡಿ ಎಣಿಸುತ್ತದೆ. ಡಿಜೆಯ ಢಂ ಢಂ ಎಂಬ ಸದ್ದು ಕಿಟಕಿಯ ಗಾಜನ್ನು ಅದುರಿಸಿದರೂ ಮಾಪಕದಲ್ಲಿ ವಿನಯವಾಗಿಯೇ ಕಾಣಿಸುತ್ತದೆ. ಗೋಡೆಗಳು ತಡೆಯಲು ಅತ್ಯಂತ ಕಷ್ಟವಾದುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಯೊಳಗೆ 30, ಪಾಠದ ಕೋಣೆಯಲ್ಲಿ 35 ಡೆಸಿಬೆಲ್ ಮೀರಬಾರದೆಂದು ಸೂಚಿಸಿತ್ತು. ಟ್ರಸ್ಟು ತನ್ನ ಗುರಿಯನ್ನು ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಹಾಕಿಕೊಳ್ಳಬಹುದು.

ನಕ್ಷೆಯ ಹಂತದಲ್ಲಿ ಮಾಡಿದ ತಿದ್ದುಪಡಿಗೆ ಖರ್ಚು ಕಡಿಮೆ. ಬಾಗಿಲು, ವೇದಿಕೆ, ವಾಹನ ನಿಲ್ದಾಣ ಮುಖ್ಯರಸ್ತೆಯ ಕಡೆಗೆ. ಅಡುಗೆಮನೆ, ಉಗ್ರಾಣ, ಕೋಣೆಗಳು ಮನೆಗಳ ಕಡೆಗೆ, ಗೋಡೆಯಂತೆ ಅಡ್ಡವಾಗಿ. ಮನೆಗಳತ್ತ ಕಿಂಡಿ ಬೇಡ. ಆವರಣದ ಗೋಡೆ ಸಂದಿಲ್ಲದೆ, ಸದ್ದಿನ ಮೂಲ ನೆರೆಯವರ ಕಿಟಕಿಗೆ ಕಾಣದಷ್ಟು ಎತ್ತರವಿದ್ದರೆ 5 ಡೆಸಿಬೆಲ್ಲಾದರೂ ಇಳಿಯುತ್ತದೆ. ಜನರೇಟರಿಗೆ ಕವಚ ಬೇಕು. ಕವಚದಿಂದ 1 ಮೀಟರು ದೂರದಲ್ಲಿ 75 ಡೆಸಿಬೆಲ್ ಮೀರದ ಯಂತ್ರವನ್ನೇ ತಯಾರಿಸಬೇಕೆಂಬ ನಿಯಮ ಎಂದೋ ಬಂದಿದೆ, ಆದರೂ ಹಳೆಯ ಯಂತ್ರವನ್ನು ಅಗ್ಗವಾಗಿ ಕೊಂಡು ನೆರೆಮನೆಯ ಗೋಡೆಯ ಪಕ್ಕದಲ್ಲೇ ಇಡುವ ಉಳಿತಾಯ ಪ್ರವೃತ್ತಿ ಇನ್ನೂ ಉಂಟು.

ಭವನದ ಒಳಮೈಯ ಮಾತು ಬೇರೆಯೇ ಇದೆ. ಸಂತೇಬೆನ್ನೂರಿನ ಮುಸಾಫಿರ್‌ಖಾನೆಯೊಂದಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಹೆಸರು ಕೂಡಿಕೊಂಡಿದೆ. ಅವನ ದೊರೆ ಮಹಮದ್ ಆದಿಲಶಹನ ಸಮಾಧಿಯಾದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರಳಿ ಕೇಳಿಸುತ್ತದೆ. ಪ್ರವಾಸಿಗೆ ಅದು ವಿನೋದ. ಗ್ರಾನೈಟ್ ನೆಲ, ನುಣುಪು ಗೋಡೆ, ಗಟ್ಟಿ ಛಾವಣಿಯ ಕಲ್ಯಾಣ ಮಂಟಪದಲ್ಲಿ ಅದೇ ಗುಣ ಶಾಪವಾಗುತ್ತದೆ. ಮಾತು ಮಾತಿನ ಮೇಲೆ ಬಿದ್ದು ಅಸ್ಪಷ್ಟವಾಗುತ್ತದೆ. ಕೇಳಿಸದೆಂದು ಧ್ವನಿ ಏರಿಸುತ್ತಾರೆ. ಏರಿಸಿದಷ್ಟೂ ಗದ್ದಲ ಹೆಚ್ಚಿ ಇನ್ನಷ್ಟು ಏರಿಸುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಥದೇ ಒಂದು ಉಪನ್ಯಾಸ ಕೊಠಡಿಯ ದೋಷವನ್ನು ಸರಿಪಡಿಸುವ ಹೊಣೆ 1895ರಲ್ಲಿ ವಾಲೇಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂತು. ಅಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮಿಕ್ಕಿ ಗುಂಯ್‌ಗುಡುತ್ತಿತ್ತು. ಅವನು ನಾಟಕಶಾಲೆಯ ಆಸನದ ದಿಂಬುಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಹರಡಿ, ಎಷ್ಟು ದಿಂಬಿಗೆ ಎಷ್ಟು ಮರುದನಿ ಇಳಿಯುತ್ತದೆಂದು ಅಳೆದು, ಒಂದು ಶಾಸ್ತ್ರವನ್ನೇ ನಿಲ್ಲಿಸಿದ. ದಿಂಬು, ಪರದೆ, ಛಾವಣಿಗೆ ರಂಧ್ರವುಳ್ಳ ಹಲಗೆ, ಹಿಂಗೋಡೆಗೆ ನಾರಿನ ಹೊದಿಕೆ, ಇವು ತೂಗುದೀಪದಷ್ಟು ಶೋಭೆ ಕೊಡಲಾರವು, ದಾನಿಯ ಹೆಸರನ್ನು ಅವುಗಳ ಮೇಲೆ ಕೆತ್ತಿಸುವುದೂ ಕಷ್ಟ. ಆದುದರಿಂದಲೇ ಅವು ಅಂದಾಜುಪಟ್ಟಿಯಿಂದ ಮೊದಲು ಹಾರಿಹೋಗುತ್ತವೆ.

ಧ್ವನಿವರ್ಧಕದ ವಿಷಯದಲ್ಲಿ ಗಣಿತ ಇನ್ನೂ ಸರಳ. ವೇದಿಕೆಯ ಪಕ್ಕದ ಎರಡು ಬೃಹತ್ ಪೆಟ್ಟಿಗೆಗಳಿಂದ 32 ಮೀಟರು ಆಚೆಯ ಕೊನೆಯ ಸಾಲಿಗೆ ಕೇಳಿಸಬೇಕಾದರೆ, ಆಲಿಸುವವನಿಂದ 2 ಮೀಟರು ದೂರದಲ್ಲಿರುವ ಪುಟ್ಟ ಪೆಟ್ಟಿಗೆಗಿಂತ 24 ಡೆಸಿಬೆಲ್ ಜೋರಾಗಿ ಕೂಗಬೇಕು. ಬಯಲಿನ ಪೆಂಡಾಲಿನಲ್ಲಂತೂ ಇದು ನಿಜ. ಕಂಬಕಂಬಕ್ಕೂ ಒಂದೊಂದು ಪುಟ್ಟ ಪೆಟ್ಟಿಗೆ, ಇಂತಿಷ್ಟಕ್ಕಿಂತ ಮೇಲೇರದಂತೆ ಮುದ್ರೆಯೊತ್ತಿದ ಮಿತಿಯಂತ್ರ, ಇವು ಭವನದ್ದೇ ಆಗಿದ್ದು, ಹೊರಗಿನ ಡಿಜೆಗೆ ಪ್ರವೇಶವಿಲ್ಲವೆಂದಾದರೆ ಅರ್ಧ ವ್ಯಾಜ್ಯ ಅಲ್ಲಿಗೇ ಮುಗಿಯಿತು. ಪಂಚಕಲ್ಯಾಣದ ಪೆಂಡಾಲಿಗೂ ಇದೇ ಕ್ರಮ ಸಲ್ಲುತ್ತದೆ. ಶ್ರಾವಕ ಎಂಬ ಪದಕ್ಕೆ ಕೇಳುವವನು ಎಂದೇ ಮೂಲಾರ್ಥ. ಪ್ರವಚನ ಕೇಳಲು ಬಂದವನಿಗೆ ಕೇಳಿಸಿದರೆ ಸಾಕು, ಮನೆಯಲ್ಲಿ ಮಲಗಿದವನಿಗೆ ಕೇಳಿಸಬೇಕಾದುದಿಲ್ಲ.

ಕೊನೆಗೆ ಬಾಡಿಗೆಯ ಕರಾರು. ಮುರಿದ ಕುರ್ಚಿಗೆ ಇಷ್ಟು, ಕಳೆದ ಪಾತ್ರೆಗೆ ಇಷ್ಟು ಎಂದು ಠೇವಣಿಯಿಂದ ಮುರಿದುಕೊಳ್ಳುವ ಟ್ರಸ್ಟುಗಳು ರಾತ್ರಿ 10 ಗಂಟೆ ದಾಟಿದ ಸದ್ದಿಗೆ ಪೂರ್ಣ ಠೇವಣಿ ಮುಟ್ಟುಗೋಲು ಎಂಬ ಒಂದು ಸಾಲನ್ನು ಸೇರಿಸಲು ಹಿಂಜರಿಯಬಾರದು. ಆ ಸಾಲು ಟ್ರಸ್ಟಿಗಳ ಮನೆಯ ವಿವಾಹಗಳಿಗೂ ಅನ್ವಯಿಸಬೇಕು. ಇಲ್ಲವಾದರೆ ಬರೆಯದಿರುವುದೇ ಲೇಸು. ಧ್ವನಿವ್ಯವಸ್ಥೆಯ ವಿದ್ಯುತ್ತಿಗೆ ಬೇರೆಯೇ ಗುಂಡಿ ಇರಲಿ, 9.30ಕ್ಕೆ ಎಚ್ಚರಿಕೆಯ ದೀಪ, 10ಕ್ಕೆ ತಾನಾಗಿ ನಿಲ್ಲುವ ಗಡಿಯಾರ, ಅದರ ಕೀಲಿ ಬಾಡಿಗೆದಾರನಲ್ಲಿ ಅಲ್ಲ, ಭವನದ ಗುಮಾಸ್ತನ ಬಳಿ. ಮುಂದಿನ ತಿಂಗಳ ಕಾರ್ಯಕ್ರಮಗಳ ಪಟ್ಟಿಯನ್ನೂ ಗುಮಾಸ್ತನ ದೂರವಾಣಿ ಸಂಖ್ಯೆಯನ್ನೂ ಸುತ್ತಲಿನ ಪ್ರತಿ ಮನೆಗೆ ಪ್ರತಿ ತಿಂಗಳ ಮೊದಲ ದಿನ ತಲುಪಿಸಬೇಕು. ಬಂದ ಕರೆಗಳನ್ನು ದಿನಾಂಕ, ಗಂಟೆ ಸಹಿತ ಒಂದು ಪುಸ್ತಕದಲ್ಲಿ ಬರೆದು, ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಆಯವ್ಯಯ ಪತ್ರದ ಜೊತೆಗೇ ಓದಿ ಹೇಳಬೇಕು, ಆ ಸಭೆಗೆ ಹಿಂಬದಿಯ ಓಣಿಯವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.